ಎರಡನೆಯ ಕೀಲಿ ಯಾರ ಬಳಿ?

ಹದಿನೈದಿಪ್ಪತ್ತು ವರ್ಷ ಹಳೆಯ ಸಣ್ಣ ಕಾರಿನ ಕೀಲಿ ಕಳೆದುಹೋದರೆ ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಮಾಲೀಕನಿಗೆ ತಟ್ಟಲು ಎರಡು ಬಾಗಿಲುಗಳಿವೆ. ಒಂದು ಕಂಪನಿಯ ಸರ್ವಿಸ್ ಸೆಂಟರು. ಅಲ್ಲಿ ಆರ್‌ಸಿ ತೋರಿಸಬೇಕು, ಗುರುತಿನ ಚೀಟಿ ಕೊಡಬೇಕು, ಕೆಲವೊಮ್ಮೆ ಪೊಲೀಸರಿಗೆ ಸಲ್ಲಿಸಿದ ದೂರಿನ ಪ್ರತಿಯನ್ನೂ ಕೇಳುತ್ತಾರೆ. ಮುಂಗಡ ಕಟ್ಟಿ, ಕೀಲಿ ಎಲ್ಲಿಂದಲೋ ಬರುವ ತನಕ ಕಾಯಬೇಕು. ಇನ್ನೊಂದು ಪೇಟೆಯ ಕೀ ಮೇಕರ್. ಅವನ ಬಳಿ ಅರ, ಇಕ್ಕಳ, ಹಲ್ಲು ಕೊರೆಯದ ಖಾಲಿ ಕೀಲಿಗಳ ಗೊಂಚಲು ಇರುತ್ತವೆ. ಈಚೆಗೆ ಚಿಪ್ ಓದುವ ಸಣ್ಣ ಯಂತ್ರವೂ ಸೇರಿಕೊಂಡಿದೆ. ಎರಡೂ ಕಡೆ ಕೊನೆಗೆ ಕೈಗೆ ಸಿಗುವುದು ಒಂದೇ ಅಳತೆಯ ಲೋಹದ ತುಂಡು. ಆದರೂ ಬೆಲೆಯಲ್ಲಿ, ಕಾಯುವ ದಿನಗಳಲ್ಲಿ, ತೋರಿಸಬೇಕಾದ ಕಾಗದಗಳಲ್ಲಿ ಅಜಗಜಾಂತರ. ‘ಈಗ ಕೀಲಿಯೊಳಗೆ ಚಿಪ್ ಇದೆಯಲ್ಲ, ಅದಕ್ಕೇ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಉತ್ತರ ಎಂದು ನನ್ನ ಎಣಿಕೆ. ಕೀಲಿಯ ಬಲ ಯಾವ ಕಾಲದಲ್ಲೂ ಲೋಹದಲ್ಲಿರಲಿಲ್ಲ. ‘ಈ ಕೀಲಿ ಇವನದು’ ಎಂದು ಹೇಳಬಲ್ಲ ಇನ್ನೊಬ್ಬ ಸಾಕ್ಷಿಯಲ್ಲಿತ್ತು. ಹಳೆಯ ಕಾರಿನವನ ಇಂದಿನ ಪಾಡಿಗೆ ಕಾರಣ ಆ ಸಾಕ್ಷ್ಯ ಅವನ ಕೈ ತಪ್ಪಿ ಕಂಪನಿಯ ಕಂಪ್ಯೂಟರ್ ಸೇರಿದ್ದು. ಈ ಮಾತನ್ನು ಪರೀಕ್ಷಿಸಲು ಈ ಎರಡು ಊರುಗಳಿಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ಮಲಯಾಳದಲ್ಲಿ ಕೀಲಿಗೆ ತಾಕ್ಕೋಲ್ ಎನ್ನುತ್ತಾರೆ. ತಾಳ್ ಎಂದರೆ ಅಗುಳಿ, ಬೀಗ. ಕೋಲ್ ಎಂದರೆ ಕೋಲು. ಅಗುಳಿ ಸರಿಸುವ ಕೋಲು ಎಂಬ ಹಳೆಯ ನೆನಪು ಆ ಪದದಲ್ಲಿ ಉಳಿದಿದೆ. ನಮ್ಮ ‘ಬೀಗದ ಕೈ’ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಕೈ ಅಂದಮೇಲೆ ಅದು ಯಾರದೋ ಆಗಿರಲೇಬೇಕು. ಕೇರಳದ ತರವಾಡು ಮನೆಗಳಲ್ಲಿ ಪತ್ತಾಯದ, ಉಗ್ರಾಣದ ಕೀಲಿ ಕಾರಣವರ್ ಎನಿಸಿದ ಹಿರಿಯ ಸೋದರಮಾವನ ವಶದಲ್ಲಿರುತ್ತಿತ್ತು; ನಮ್ಮ ಕಡೆ ಅತ್ತೆ ಸೊಂಟದ ಕೀಲಿಗೊಂಚಲನ್ನು ಸೊಸೆಗೆ ದಾಟಿಸುವುದು ಮನೆಮಂದಿಯೆಲ್ಲ ನೋಡುವಂತೆ ನಡೆಯುವ ಸಂಗತಿಯಾಗಿತ್ತು. ಕಳ್ಳರನ್ನು ತಡೆಯುವ ಮಾತು ಇಲ್ಲಿ ಎರಡನೆಯದು. ಯಾರು ತೆಗೆಯಬಹುದು, ತೆಗೆದಾಗ ಯಾರಿಗೆ ಗೊತ್ತಿರಬೇಕು ಎಂಬ ಏರ್ಪಾಡು ಮೊದಲನೆಯದು. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ ಈ ಏರ್ಪಾಡು ಒಂದು ಆಡಳಿತಶಾಸ್ತ್ರವಾಗಿಯೇ ಬೆಳೆದಿತ್ತು. ದೇವಸ್ಥಾನವನ್ನು ನಡೆಸುತ್ತಿದ್ದುದು ಎಟ್ಟರ ಯೋಗಂ, ಅಂದರೆ ಎಂಟೂವರೆ ಮಂದಿಯ ಸಭೆ. ಆ ಅರ್ಧ ರಾಜನದು. ಮಾರ್ತಾಂಡವರ್ಮ 1750ರಲ್ಲಿ ರಾಜ್ಯವನ್ನೇ ದೇವರಿಗೆ ಒಪ್ಪಿಸಿ ತಾನು ಪದ್ಮನಾಭದಾಸನಾದ ಮೇಲೂ ಲೆಕ್ಕ ಬರೆಯುವುದು ನಿಲ್ಲಲಿಲ್ಲ. ದೇವಸ್ಥಾನದ ಆಗುಹೋಗುಗಳನ್ನು ಓಲೆಗರಿಗಳಲ್ಲಿ ಬರೆದಿಟ್ಟ ಮತಿಲಕಂ ದಾಖಲೆಗಳು ಇಂದಿಗೂ ಚರಿತ್ರಕಾರರಿಗೆ ದೊಡ್ಡ ಆಕರ. ಪೂಜೆಯ ಬಂಗಾರ ಬೆಳ್ಳಿಯ ಪಾತ್ರೆಗಳಿದ್ದ ಕಲ್ಲರಗಳ, ಎಂದರೆ ಕಲ್ಲುಕೋಣೆಗಳ ಹೊಣೆ ನಂಬಿಗಳೆನಿಸಿದ ಅರ್ಚಕರದು. ಆ ನಂಬಿಗಳು ಬರುತ್ತಿದ್ದುದು ಚಂದ್ರಗಿರಿ ಹೊಳೆಯ ಎರಡು ದಡಗಳಿಂದ, ಕಾಸರಗೋಡಿನ ಆಚೆ ಈಚೆಯ ನಮ್ಮ ಸೀಮೆಯಿಂದ. ರಾಜಧಾನಿಯ ಒಳಜಗಳಗಳಿಗೆ ಸಂಬಂಧವಿಲ್ಲದ ದೂರದವರನ್ನು ಕರೆಸಿ ಕೀಲಿ ಕೊಡುವುದರಲ್ಲಿ ಒಂದು ವಿವೇಕವಿತ್ತು ಎಂದು ನನಗೆ ಅನಿಸುತ್ತದೆ.

ಆ ಏರ್ಪಾಡು ಸಡಿಲವಾದಾಗ ಏನಾಗುತ್ತದೆಂಬುದನ್ನು ದೇಶವೇ ನೋಡಿತು. ಮಾಜಿ ಐಪಿಎಸ್ ಅಧಿಕಾರಿ, ವಕೀಲ ಟಿ.ಪಿ. ಸುಂದರರಾಜನ್ ಹೂಡಿದ ದಾವೆಯ ಹಿನ್ನೆಲೆಯಲ್ಲಿ 2011ರ ಜೂನ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಕಲ್ಲರಗಳನ್ನು ತೆರೆಯಿತು. ಬಿ ಎಂದು ಹೆಸರಿಟ್ಟ ಕೋಣೆಯಲ್ಲಿ ಮೊದಲ ಸರಳಿನ ಬಾಗಿಲು ತೆರೆಯಿತು, ಅದರ ಹಿಂದಿನ ಮರದ ಬಾಗಿಲೂ ತೆರೆಯಿತು. ಮೂರನೆಯ ಕಬ್ಬಿಣದ ಬಾಗಿಲು ಅಲುಗಲಿಲ್ಲ. ಬೀಗ ತೆಗೆಯುವವನನ್ನು ಕರೆಸಲು ನಿರ್ಧಾರವಾಯಿತು. ಅವನು ಬರುವ ಮೊದಲೇ ರಾಜಮನೆತನದವರು ತಡೆಯಾಜ್ಞೆ ತಂದರು. ನಾಗಬಂಧ, ಮಂತ್ರ, ಶಾಪ ಎಂದು ಕಥೆಗಳು ಹಬ್ಬಿದವು. ಆದರೆ ಮಾಜಿ ಮಹಾಲೇಖಪಾಲ ವಿನೋದ್ ರಾಯ್ ಕೋರ್ಟಿಗೆ ಕೊಟ್ಟ ವರದಿ ಅದೇ ಕೋಣೆ 1990ರಿಂದೀಚೆಗೆ ಹಲವು ಸಲ ತೆರೆದಿತ್ತೆಂದು ಹೇಳಿತು. ಬಾಗಿಲು ಬಿಗಿಯಾಗಿತ್ತೋ ಇಲ್ಲವೋ ಎಂಬುದಕ್ಕಿಂತ ದೊಡ್ಡ ಜಗಳ ತೆರೆಯುವ ಹಕ್ಕು ಯಾರದು, ತೆರೆದದ್ದಕ್ಕೆ ಸಾಕ್ಷಿ ಯಾರು ಎಂಬುದರ ಮೇಲೆ ನಡೆಯಿತು. ಬೀಗ ತೆಗೆಯಬಲ್ಲ ಕೈ ಸಿದ್ಧವಿತ್ತು. ಅವನಿಗೆ ‘ತೆಗೆ’ ಎನ್ನುವ ಅಧಿಕಾರ ಯಾರಲ್ಲಿದೆ ಎಂಬುದು ಇತ್ಯರ್ಥವಾಗಿರಲಿಲ್ಲ. ಕೀಲಿ ಕಳೆದ ಕಾರಿನ ಮುಂದೆ ನಿಂತವನ ಪ್ರಶ್ನೆ ಗಾತ್ರದಲ್ಲಿ ಇದಕ್ಕಿಂತ ಬಹಳ ಚಿಕ್ಕದು. ಸ್ವರೂಪದಲ್ಲಿ ಇದೇ.

ಕೊಚ್ಚಿಯದು ಬಂದರಿನ ಬದುಕು. ರಾಬರ್ಟ್ ಬ್ರಿಸ್ಟೊ ಹಿನ್ನೀರಿನ ಬಾಯಿಯ ಮರಳದಿಣ್ಣೆ ಕಡಿಸಿ, ಹೂಳೆತ್ತಿಸಿ, 1928ರಲ್ಲಿ ಒಳಬಂದರಿಗೆ ಹಡಗು ಬರುವಂತೆ ಮಾಡಿದ ಮೇಲೆ ಗೋದಾಮುಗಳ ಲೆಕ್ಕವೂ ಬೆಳೆಯಿತು. ಸುಂಕ ಕಟ್ಟದ ಸರಕನ್ನು ಇಡುವ ಬಾಂಡೆಡ್ ಗೋದಾಮಿಗೆ ಎರಡು ಬೀಗ ಹಾಕುವುದು ಕಸ್ಟಮ್ಸ್‌ನ ಹಳೆಯ ಪದ್ಧತಿ. ಒಂದರ ಕೀಲಿ ವ್ಯಾಪಾರಿಯ ಬಳಿ, ಇನ್ನೊಂದರದು ಅಧಿಕಾರಿಯ ಬಳಿ. ಸರಕಾರಿ ಖಜಾನೆಗಳದ್ದೂ ಇದೇ ಡಬಲ್ ಲಾಕ್ ಕ್ರಮ: ಖಜಾನೆ ಅಧಿಕಾರಿಗೆ ಒಂದು, ಖಜಾಂಚಿಗೆ ಒಂದು, ಇಬ್ಬರೂ ಕೂಡಿದರೆ ಮಾತ್ರ ಬಾಗಿಲು. ನಕಲು ಕೀಲಿಗಳನ್ನು ಮೊಹರು ಮಾಡಿ ಬೇರೆ ಕಚೇರಿಯಲ್ಲಿ ಇಡುತ್ತಿದ್ದರು. ಈ ಕೊನೆಯ ಸಂಗತಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಕೀಲಿ ಕಳೆಯಬಹುದು, ಕಳೆದೇ ಕಳೆಯುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಅದಕ್ಕೆ ದಾರಿಯನ್ನು ಏರ್ಪಾಡಿನೊಳಗೇ ಇಟ್ಟವರು ಅವರು.

ಕಾರ್ಖಾನೆಯ ಬೀಗ ಬಂದಾಗ ಸಾಕ್ಷ್ಯದ ರೂಪ ಬದಲಾಯಿತು. ಅಲಿಗಢದಲ್ಲಿ 1870ರ ಸುಮಾರಿಗೆ ಇಂಗ್ಲಿಷ್ ಕಂಪನಿಯೊಂದು ಬೀಗದ ಕೆಲಸ ಶುರುಮಾಡಿತು, 1897ರಲ್ಲಿ ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೇಜ್ ಬೀಗ ತಯಾರಿಕೆಗೆ ಇಳಿದರು, ದಕ್ಷಿಣಕ್ಕೆ ದಿಂಡಿಗಲ್ಲಿನ ಕೈಬೀಗಗಳಿದ್ದವು. ಕಮ್ಮಾರ ಮಾಡಿಕೊಟ್ಟ ಬೀಗವಾದರೆ ಅದರ ಹೊಟ್ಟೆಯೊಳಗಿನ ಗುಟ್ಟು ಅವನಿಗೂ ಮನೆಯವರಿಗೂ ಮಾತ್ರ ಗೊತ್ತು. ಕಾರ್ಖಾನೆಯ ಬೀಗದ ಗುಟ್ಟು ಒಂದು ಸಂಖ್ಯೆ. ಕಾರಿನ ಕೀಲಿಯೂ ಹಾಗೆಯೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗಿತ್ತಾಗ ಕೊಟ್ಟದ್ದು ಹಲ್ಲು ಕೊರೆದ ಒಂದು ಲೋಹದ ಪಟ್ಟಿ, ಅಷ್ಟೇ. ಇಂಥ ಬೀಗದ ಒಳಗೆ ಹಿತ್ತಾಳೆಯ ತೆಳು ಬಿಲ್ಲೆಗಳು ಸಾಲಾಗಿರುತ್ತವೆ; ಸರಿಯಾದ ಕೀಲಿಯ ಹಲ್ಲುಗಳು ಅವನ್ನೆಲ್ಲ ಒಂದೇ ಮಟ್ಟಕ್ಕೆ ತಂದಾಗ ಉರುಳೆ ತಿರುಗುತ್ತದೆ. ಕೀಲಿ ಪೂರ್ತಿ ಕಳೆದಿದ್ದರೂ ಪಳಗಿದ ಕೀ ಮೇಕರ್ ಖಾಲಿ ಕೀಲಿಯನ್ನು ಒಳಗೆ ತೂರಿಸಿ, ಹಿಡಿದು ತಿರುಚಿ, ಹೊರತೆಗೆದು ಬೆಳಕಿಗೆ ಹಿಡಿದು ನೋಡುತ್ತಾನೆ. ಬಿಲ್ಲೆ ಒತ್ತಿದ ಕಡೆ ಕೂದಲೆಳೆಯಷ್ಟು ಗುರುತು ಕಾಣುತ್ತದೆ. ಅಲ್ಲಿ ಅರದಿಂದ ಉಜ್ಜುತ್ತಾನೆ, ಮತ್ತೆ ತೂರಿಸುತ್ತಾನೆ. ಹೀಗೆ ಬೀಗವೇ ತನ್ನ ಕೀಲಿಯನ್ನು ಅವನಿಗೆ ಬರೆಸಿಕೊಡುತ್ತದೆ. ಇದು ಓದುವ ವಿದ್ಯೆ, ಕೈಯಿಂದ ಓದುವ ವಿದ್ಯೆ. ಕೊಚ್ಚಿಯ ಉಪ್ಪುಗಾಳಿಗೆ ಸ್ಪ್ರಿಂಗುಗಳು ತುಕ್ಕು ಹಿಡಿದು ಬಿಲ್ಲೆಗಳು ಬಿಗಿದುಕೊಂಡ ಬೀಗದಲ್ಲಂತೂ ಬಹಳ ತಾಳ್ಮೆ ಬೇಡುವ ವಿದ್ಯೆ. ನಕಲು ಮಾಡುವ ಯಂತ್ರಕ್ಕೆ ಈ ವಿವೇಚನೆಯಿಲ್ಲ. ಇಪ್ಪತ್ತು ವರ್ಷ ಸವೆದ ಕೀಲಿಯನ್ನು ಕೊಟ್ಟರೆ ಸವೆತವನ್ನೂ ಸೇರಿಸಿ ನಕಲು ಮಾಡುತ್ತದೆ. ಆ ನಕಲಿನ ನಕಲು ಬಾಗಿಲು ತೆರೆದರೂ ಇಗ್ನಿಷನ್‌ನಲ್ಲಿ ತಿರುಗದೆ ಹೋಗಬಹುದು. ಸಂಖ್ಯೆ ನೋಡಿ ಹೊಸದಾಗಿ ಕೊರೆದ ಕೀಲಿಯೂ ಬಿಲ್ಲೆ ಸವೆದ ಹಳೆಯ ಬೀಗದಲ್ಲಿ ತೊಡಕಬಹುದು. ಕಾರ್ಖಾನೆಯ ದಾಖಲೆ, ಬೀಗದ ಇಂದಿನ ಸ್ಥಿತಿ, ಎರಡನ್ನೂ ತೂಗಿ ನೋಡಬಲ್ಲವನು ಅರ ಹಿಡಿದವನೊಬ್ಬನೇ.

1990ರ ದಶಕದಲ್ಲಿ ಚಿಪ್ ಬಂತು. ಬ್ಯಾಟರಿಯಿಲ್ಲದ ಒಂದು ಕಾಳಿನಷ್ಟು ವಸ್ತು. ಇಗ್ನಿಷನ್ ಸುತ್ತಲಿನ ತಂತಿಸುರುಳಿಯಿಂದ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ, ಗುರುತು ಹೊಂದದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಬ್ರಿಟನ್ನಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ನಮ್ಮಲ್ಲಿ 2005ರ ಸ್ವಿಫ್ಟ್‌ನಂಥ ಕಾರುಗಳೊಂದಿಗೆ ಸಣ್ಣ ಕಾರಿನವರಿಗೂ ಪರಿಚಯವಾಯಿತು. ಇಲ್ಲಿಗೆ ಬಂದಾಗ ಬೀಗ ಓದುವ ಕೈ ಸಾಲದು. ಹೊಸ ಚಿಪ್ಪನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸಲು ಯಂತ್ರ ಬೇಕು, ಹಲವು ಕಾರುಗಳಲ್ಲಿ ಗುಪ್ತಸಂಖ್ಯೆ ಬೇಕು, ಅದು ಕಂಪನಿಯ ದಾಖಲೆಯಲ್ಲಿದೆ. ಕಂಪನಿಯೇ ಇಲ್ಲವಾದರೆ? ಡೇವೂ ಮಾಟಿಜ್ 1998ರಲ್ಲಿ ಬಂತು; ಹೊಸ ಶತಮಾನದ ಮೊದಲ ವರ್ಷಗಳಲ್ಲೇ ಕಂಪನಿ ಮುಳುಗಿತು. ಷೆವರ್ಲೆ ಸ್ಪಾರ್ಕ್, ಬೀಟ್ ಮಾರಿದ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. 2021ರಲ್ಲಿ ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಕಾರು ಮಾತ್ರ ಓಡುತ್ತಲೇ ಇದೆ. ಖಜಾನೆಯವರು ನಕಲು ಕೀಲಿಯನ್ನು ಬೇರೆ ಸರಕಾರಿ ಕಚೇರಿಯಲ್ಲಿಟ್ಟಾಗ ಆ ಕಚೇರಿ ಊರು ಬಿಟ್ಟು ಹೋಗುವ ಭಯವಿರಲಿಲ್ಲ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಚಿಪ್ ಇಲ್ಲದ ಕೀಲಿಯನ್ನು ಯಾರು ಬೇಕಾದರೂ ಮಾಡಿಸಬಹುದಿತ್ತು, ಕಳ್ಳನೂ ಸೇರಿ. ನೆದರ್‌ಲ್ಯಾಂಡ್ಸ್‌ನ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಈ ಚಿಪ್‌ಗಳಿಂದ ಕಾರುಗಳ್ಳತನ ಶೇ 40ರಷ್ಟು ತಗ್ಗಿತೆಂದು ಲೆಕ್ಕ ಹಾಕಿದೆ. ಆ ಲಾಭವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕಳ್ಳತನ ತಗ್ಗಿದ್ದು ಚಿಪ್ಪಿನಿಂದ; ಗುಪ್ತಸಂಖ್ಯೆಯನ್ನು ಮಾಲೀಕನಿಂದ ಮುಚ್ಚಿಟ್ಟದ್ದರಿಂದ ಎಂದು ಅದರಿಂದ ಸಾಬೀತಾಗುವುದಿಲ್ಲ. ಮುಚ್ಚಿಟ್ಟರೆ ಭದ್ರ ಎಂಬ ನಂಬಿಕೆ 1851ರಲ್ಲೇ ಒಮ್ಮೆ ಬಿದ್ದಿತ್ತು. ಆ ವರ್ಷ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್, ಯಾರಿಂದಲೂ ತೆಗೆಯಲಾಗದೆಂದು ಹೆಸರಾಗಿದ್ದ ಚಬ್ ಬೀಗವನ್ನು ಅರ್ಧಗಂಟೆಯೊಳಗೆ ತೆಗೆದ. 200 ಗಿನಿ ಬಹುಮಾನ ಕಟ್ಟಿದ್ದ ಬ್ರಾಮಾ ಬೀಗವನ್ನು 16 ದಿನಗಳಲ್ಲಿ ಹರಡಿದ 51 ಗಂಟೆಗಳ ದುಡಿಮೆಯಿಂದ ತೆಗೆದ. ಬೀಗದ ದೋಷ ಬಯಲಾದದ್ದರಿಂದ ಕಳ್ಳರಿಗೆ ಪಾಠವಾಯಿತೆಂದು ಕೆಲವರು ದೂರಿದರು. ಕಳ್ಳರಿಗೆ ಅದು ಮೊದಲೇ ಗೊತ್ತು, ತಿಳಿಯಬೇಕಾದದ್ದು ಕೊಳ್ಳುವವನಿಗೆ ಎಂದು ಹಾಬ್ಸ್ ಪಕ್ಷದವರು ಉತ್ತರಿಸಿದರು. 2013ರಲ್ಲಿ ಅದೇ ವಾದ ಅದೇ ದೇಶದಲ್ಲಿ ಮತ್ತೆ ನಡೆಯಿತು. ಹಲವು ಕಾರುಗಳ ಚಿಪ್‌ಗಳಲ್ಲಿದ್ದ ಮೆಗಾಮೋಸ್ ಎಂಬ ಗೂಢಲಿಪಿಯ ದೋಷ ಕಂಡ ಸಂಶೋಧಕರ ಲೇಖನಕ್ಕೆ ಬ್ರಿಟಿಷ್ ಹೈಕೋರ್ಟ್ ತಡೆ ಕೊಟ್ಟಿತು. ಅದು ಬೆಳಕು ಕಂಡದ್ದು 2015ರಲ್ಲಿ. ಎರಡು ವರ್ಷ ಕತ್ತಲಲ್ಲಿದ್ದವರು ಆ ಕಾರುಗಳ ಮಾಲೀಕರು.

ಇನ್ನೊಂದು ಆಕ್ಷೇಪ: ಗುಪ್ತಸಂಖ್ಯೆಯನ್ನು ಮಾಲೀಕನಿಗೇ ಕೊಟ್ಟರೆ ಕೀಲಿಯಂತೆ ಅದನ್ನೂ ಕಳೆದುಕೊಳ್ಳುತ್ತಾನಲ್ಲ? ನಿಜ. 1990ರ ದಶಕದಲ್ಲಿ ಯುರೋಪಿನ ಫಿಯೆಟ್ ಕಾರುಗಳೊಂದಿಗೆ ಕೆಂಪು ಬಣ್ಣದ ಮೂಲಕೀಲಿಯನ್ನೂ ಸಂಖ್ಯೆ ಬರೆದ ಕಾರ್ಡನ್ನೂ ಕೊಡುತ್ತಿದ್ದರು. ಕೆಂಪು ಕೀಲಿ ಕಳೆದವರು ಬಹಳ ಕಷ್ಟಪಟ್ಟರು. ಅದಕ್ಕೆ ಮದ್ದು ಮೊಹರು ಮಾಡಿದ ನಕಲನ್ನು ಬೇರೆಡೆ ಇಡುವ ಖಜಾನೆಯ ಕ್ರಮ. ಮಾಲೀಕನಿಗೆ ಏನೂ ಕೊಡದಿರುವುದಲ್ಲ. ಕೀ ಮೇಕರನನ್ನು ನಂಬುವುದು ಹೇಗೆ ಎನ್ನುವವರಿಗೆ ಅಮೆರಿಕದಲ್ಲಿ, ಯುರೋಪಿನಲ್ಲಿ ನಡೆದಿರುವುದನ್ನು ತೋರಿಸಬಹುದು: ಹಿನ್ನೆಲೆ ಪರಿಶೀಲಿಸಿ ಕೀಲಿಗಾರರನ್ನು ನೋಂದಾಯಿಸಿ, ಯಾರು ಯಾವ ಕಾರಿನ ಸಂಖ್ಯೆ ಕೇಳಿದರೆಂದು ಬರೆದಿಟ್ಟು, ಅವರಿಗೆ ಮಾಹಿತಿ ಕೊಡುತ್ತಾರೆ. ನಮ್ಮಲ್ಲಿಯೂ 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಆ ಆದೇಶ ಮೇಲ್ಮನವಿಗಳಲ್ಲಿ ಹಾದುಹೋಯಿತು. ಅದು ಎತ್ತಿದ ಪ್ರಶ್ನೆ ರಸ್ತೆಬದಿಯ ಕೀಲಿಗಾರನದೂ ಹೌದು.

ಕಾರಿನ ಕೀಲಿಯೂ ಒಂದು ದಾಖಲೆ ಎಂಬುದನ್ನು ವಿಮಾ ಕಂಪನಿಗಳು ಎಂದೋ ಅರಿತಿವೆ. ಕಾರು ಕಳವಾಯಿತೆಂದು ಪರಿಹಾರ ಕೇಳಿದರೆ ಅವರು ಮೊದಲು ಕೇಳುವ ವಸ್ತುಗಳಲ್ಲಿ ಎರಡೂ ಮೂಲಕೀಲಿಗಳು ಸೇರಿವೆ. ಒಂದು ಇಲ್ಲವೆಂದರೆ ಅನುಮಾನ ಮಾಲೀಕನ ಮೇಲೆಯೇ ತಿರುಗುತ್ತದೆ. ಮೂರನೆಯ ನಾಲ್ಕನೆಯ ಕೈಗೆ ಬಂದ ಹಳೆಯ ಕಾರುಗಳಲ್ಲಿ ಎರಡೂ ಕೀಲಿ ಉಳಿದಿರುವುದು ಅಪರೂಪ. ಕೆಎಲ್-01ರ ತಿರುವನಂತಪುರದಲ್ಲಾಗಲಿ, ಕೆಎಲ್-07ರ ಎರ್ನಾಕುಲಂನಲ್ಲಾಗಲಿ, ಕೆಎಲ್-14ರ ನಮ್ಮ ಕಾಸರಗೋಡಿನಲ್ಲಾಗಲಿ ಕಾರು ಕೈ ಬದಲಾಗುವಾಗ ಮಾರಿದವನು ತುಂಬುವ ನಮೂನೆ 29ರಲ್ಲಿ ಚಾಸಿ ಸಂಖ್ಯೆಗೆ, ಎಂಜಿನ್ ಸಂಖ್ಯೆಗೆ ಜಾಗವಿದೆ. ನೋಂದಣಿ ಪತ್ರ, ವಿಮೆ ಪತ್ರಗಳನ್ನು ಕೊಂಡವನಿಗೆ ಒಪ್ಪಿಸಿದ್ದೇನೆ ಎಂಬ ಸಾಲೂ ಇದೆ. ಎಷ್ಟು ಕೀಲಿ ಒಪ್ಪಿಸಿದೆ ಎಂದು ಬರೆಯುವ ಸಾಲು ಅದರಲ್ಲಿಲ್ಲ.