ತೊಟ್ಟಿ ಮನೆ ಕಂಬ ತೆಗೆಯೋ ಮುಂಚೆ

ಹಳೇ ತೊಟ್ಟಿ ಮನೆಯ ಕಂಬ ಕೊಡ್ತೀರಾ ಅಂತ ಕೇಳ್ಕೊಂಡು ಪಿರಿಯಾಪಟ್ಟಣ, ಕೋಟೆ ಕಡೆಯ ಹಳ್ಳಿಗಳಿಗೆ ಜನ ಬರ್ತಾ ಇದ್ದಾರೆ. ರೆಸಾರ್ಟಿಗೋ, ಬೆಂಗಳೂರಿನ ಹೊಸ ಮನೆಗೋ ಬೇಕಂತೆ. ಕೊಡೋದು ಬಿಡೋದು ಮನೆಯವರ ಇಷ್ಟ. ಆದ್ರೆ "ಎರಡು ಕಂಬ ತಾನೆ, ಇಟ್ಟಿಗೆ ಪಿಲ್ಲರ್ ಕೊಟ್ರಾಯ್ತು" ಅನ್ನೋ ಮಾತಿದೆಯಲ್ಲ, ಅದಕ್ಕೆ ಇದನ್ನ ಬರೀತಿದೀನಿ.

ಈ ಮನೆಯ ಲೆಕ್ಕ ನೋಡಿ. ಹೊರಗೆ ದಪ್ಪ ಮಣ್ಣಿನ ಗೋಡೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ನಾಲ್ಕು ಕಡೆಯಿಂದಲೂ ಒಳಕ್ಕೆ ಇಳಿಜಾರಾದ ಸೂರು. ಹೊರಗೋಡೆಗೆ ದೊಡ್ಡ ಕಿಟಕಿ ಇಡದೇ ಇದ್ರೂ ಬೆಳಕು, ಗಾಳಿ ತೊಟ್ಟಿಯಿಂದಲೇ ಬರತ್ತೆ. ಕಳ್ಳರ ಕಾಟದ ಕಾಲಕ್ಕೆ ಅದು ದೊಡ್ಡ ಅನುಕೂಲ. ಸೂರಿನ ಒಂದು ತುದಿಯ ಭಾರ ಗೋಡೆ ಮೇಲೆ, ಇನ್ನೊಂದು ತುದಿಯದು ತೊಟ್ಟಿ ಸುತ್ತಲ ಕಂಬಗಳ ಮೇಲೆ. ಕಂಬದ ನೆತ್ತಿಗೆ ಬೋದಿಗೆ, ಅದರ ಮೇಲೆ ತೊಲೆ, ಆಮೇಲೆ ಜಂತೆ, ರೀಪು, ಹೆಂಚು. ಬೋದಿಗೆಗೆ ಹೂಬಳ್ಳಿ ಕೆತ್ತಿರೋದ್ರಿಂದ ಅದನ್ನ ಬರೀ ಅಲಂಕಾರ ಅನ್ಕೋತೀವಿ. ಅಲ್ಲ. ಅದು ಎರಡೂ ಕಡೆ ಕೈ ಚಾಚಿ ತೊಲೆಯನ್ನ ಹಿಡಿಯತ್ತೆ, ಕಂಬದಿಂದ ಕಂಬಕ್ಕೆ ತೊಲೆ ದಾಟಬೇಕಾದ ದೂರ ಕಮ್ಮಿಯಾಗತ್ತೆ. ಮೂಲೆ ಕಂಬದ ಮೇಲಂತೂ ಎರಡು ದಿಕ್ಕಿನ ತೊಲೆ ಬಂದು ಕೂತಿರ್ತವೆ. ಅದೊಂದನ್ನ ಎಳೆದ್ರೆ ಎರಡು ಕಡೆಯ ಸೂರೂ ಕುಸಿಯತ್ತೆ.

ಹೆಂಚಿನ ಕತೆ ಬೇರೆ. ಮಂಗಳೂರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಗಿದ್ದೇ 1865ರಲ್ಲಿ. ಅದಕ್ಕೂ ಮುಂಚೆ ನಾಡಹೆಂಚು, ಇಲ್ಲಾಂದ್ರೆ ಹುಲ್ಲು. ಮೇಲೆ ಮಂಗಳೂರು ಹೆಂಚಿದೆ ಅಂತ ಕೆಳಗಿನ ಕಂಬವೂ ಅದೇ ಕಾಲದ್ದು ಅನ್ನೋ ಹಾಗಿಲ್ಲ.

ತೊಟ್ಟಿ ಅನ್ನೋದು ನಮ್ಮ ಗೌಡರ ಮನೆ, ಶಾನುಭೋಗರ ಮನೆಯದ್ದು ಮಾತ್ರ ಅಲ್ಲ. ಮೈಸೂರು ಅರಮನೆಯಲ್ಲೂ ಗೊಂಬೆ ತೊಟ್ಟಿ ಇದೆ ನೋಡಿ. ಅಲ್ಲಿದ್ದ ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿಗೆ ಸುಟ್ಟುಹೋಯ್ತು. 1912ಕ್ಕೆ ಮುಗಿದ ಹೊಸದನ್ನ ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ಕಟ್ಟಿದ್ರು.

ಮರಕ್ಕೆ ಬೆಂಕಿ ಒಂದು ಶತ್ರು, ನೀರು ಇನ್ನೊಂದು. ನಮ್ಮ ಮನೆಗಳಿಗೆ ಹೆಚ್ಚು ಕಾಡೋದು ನೀರೇ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದಾಗ ಗೋಡೆ ಚಿತ್ರ ಆದ್ಮೇಲೆ ಕಂಬಗಳನ್ನೂ ಒಂದ್ಸಲ ನೋಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಬೇಸಿಗೆ ಅರಮನೆ, ಕಾವೇರಿ ಪಕ್ಕದಲ್ಲೇ ಇದೆ. ಆದ್ರೆ ನಿಂತಿರೋದು ಎತ್ತರದ ಕಟ್ಟೆ ಮೇಲೆ, ಸುತ್ತಲೂ ಚಾಚಿದ ಸೂರು. ನಮ್ಮ ಹಳ್ಳಿ ಬಡಗಿಗಳೂ ಕಂಬವನ್ನ ನೆಲಕ್ಕೆ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸ್ತಿದ್ದದ್ದು ಇದಕ್ಕೇ: ತೇವ, ಗೆದ್ದಲು ಎರಡೂ ದೂರ.

ಈಗ ಪಡಸಾಲೆಗೆ ಟೈಲ್ಸ್ ಹಾಕ್ಸುವಾಗ ನೆಲ ಎತ್ತರಿಸಿ ಆ ಕಲ್ಲನ್ನೇ ಸಿಮೆಂಟಲ್ಲಿ ಮುಚ್ಚಿಬಿಡ್ತಾರೆ. ತೇವ ಹೊರಗೆ ಹೋಗೋಕೆ ದಾರಿ ಇಲ್ಲ, ಕಂಬದ ಬುಡ ಒಳಗೊಳಗೇ ಕೊಳೆಯತ್ತೆ. ನಿಮ್ಮನೇಲಿ ಹಾಗೆ ಮುಚ್ಚಿದ್ರೆ ಸಿಮೆಂಟು ಬಿಡಿಸಿ, ಬುಡಕ್ಕೆ ಚಾಕು ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದ್ರೆ ಮೊದಲು ತೊಲೆಗೆ ಊರುಗೋಲು ಕೊಡಿ. ಕೊಳೆತಷ್ಟೇ ಕುಯ್ದು, ಅಷ್ಟೆತ್ತರಕ್ಕೆ ಕಲ್ಲು ಕೊಡಬಹುದು, ಇಡೀ ಕಂಬ ಬದಲಾಯಿಸಬೇಕಿಲ್ಲ. ಹಳೇ ಕೆಲಸ ಗೊತ್ತಿರೋ ಬಡಗಿನೇ ಬೇಕು, ಗಾರೆಯವರ ಕೈಗೆ ಕೊಡಬೇಡಿ.