ಕಾವಲು ತಗ್ಗಿಸಿದ ಮೇಲೆ

ನಮ್ಮೂರು ಬಸ್ರೂರು ಒಂದು ಕಾಲದಲ್ಲಿ ಪೋರ್ಚುಗೀಸರು ಅಕ್ಕಿಗಾಗಿ ಹಡಗು ತರುತ್ತಿದ್ದ ಬಂದರು. ಹೊರಗಿನವರನ್ನು ಒಳಗೆ ಬಿಡದಿದ್ದರೆ ವ್ಯಾಪಾರ ಇಲ್ಲ. ಬಿಟ್ಟರೆ ಅಪಾಯವೂ ಅದೇ ದಾರಿಯಲ್ಲಿ ಬರುತ್ತೆ. 1665ರಲ್ಲಿ ಶಿವಾಜಿಯ ನೌಕೆಗಳು ಸಮುದ್ರದ ಕಡೆಯಿಂದಲೇ ಬಂದು ಊರನ್ನು ಲೂಟಿ ಮಾಡಿದವು. ಅಂಗಾಂಗ ಕಸಿಯ ಇತಿಹಾಸ ಓದುವಾಗೆಲ್ಲ ನನಗೆ ಈ ಲೆಕ್ಕಾಚಾರ ನೆನಪಾಗುತ್ತೆ.

1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಕಿಡ್ನಿ ಕಸಿ ಗೆದ್ದದ್ದು, ಕೊಟ್ಟವರು ಮತ್ತು ಪಡೆದವರು ತದ್ರೂಪಿ ಅವಳಿಗಳಾಗಿದ್ದರಿಂದ. ಬೇರೆಯವರ ಕಿಡ್ನಿ ಉಳಿಯಬೇಕಾದರೆ ದೇಹದ ಕಾವಲನ್ನೇ ತಗ್ಗಿಸಬೇಕು. 1960ರ ದಶಕದಲ್ಲಿ ಅಜಥಯೋಪ್ರಿನ್, 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಈ ಕೆಲಸಕ್ಕೆ ಬಂದವು.

1971ನೇ ಇಸವಿ ಗಮನಿಸಿ. ವೆಲ್ಲೂರಿನ ಸಿಎಂಸಿಯಲ್ಲಿ ಭಾರತದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು ಆ ವರ್ಷ. ಕಸಿ ಮಾಡಿಸಿಕೊಂಡವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚುತ್ತಿದೆ ಅಂತ ಆಸ್ಟ್ರೇಲಿಯಾದ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದದ್ದೂ ಅದೇ ವರ್ಷ. ಕೆಟ್ಟ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಕಾವಲೂ ತಗ್ಗಿತ್ತಲ್ಲ!

ಆಸ್ಟ್ರೇಲಿಯಾದ ಬಿಸಿಲಿನ ಮೇಲೆ ತಪ್ಪು ಹಾಕಬಹುದಿತ್ತು. ಆದರೆ ಬಿಸಿಲೇ ಕಡಿಮೆ ಇರುವ ನಾರ್ವೆಯಲ್ಲೂ ಸ್ಕ್ವಾಮಸ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಕಸಿಯಾದವರಲ್ಲಿ ಸುಮಾರು 65 ಪಟ್ಟು ಹೆಚ್ಚು ಎಂದು 1999ರಲ್ಲಿ ಲೆಕ್ಕ ಸಿಕ್ಕಿತು. ಅಜಥಯೋಪ್ರಿನ್ ಸೇವಿಸುವವರ ಡಿಎನ್ಎ ಸೂರ್ಯನ ಯುವಿಎ ಕಿರಣಕ್ಕೆ ಸುಲಭವಾಗಿ ಹಾಳಾಗುತ್ತೆ ಅನ್ನೋದು 2005ರಲ್ಲಿ ಗೊತ್ತಾಯಿತು. ಅಂದರೆ ಮಾತ್ರೆ ಕಾವಲುಗಾರನನ್ನು ಮಲಗಿಸಿದ್ದಷ್ಟೇ ಅಲ್ಲ, ಗೋಡೆಯನ್ನೂ ಸಡಿಲ ಮಾಡಿತ್ತು.

"ನಾವ್ ಕಪ್ಪ್ ಜನ, ನಮ್ಗೆ ಎಂತ ಆತ್ತ್ ಮಾರಾಯ?" ಅಂತ ನಮ್ಮೂರ ಕಡೆ ಕೇಳ್ತಾರೆ. ಮಾತಲ್ಲಿ ಅರ್ಧ ಸತ್ಯ ಇದೆ. ಮೆಲನಿನ್ ರಕ್ಷಣೆ ಕೊಡುತ್ತೆ, ಈ 65 ಪಟ್ಟಿನ ಲೆಕ್ಕ ಬಿಳಿ ಚರ್ಮದವರದ್ದು. ಉಳಿದರ್ಧ ಕೇಳಿ: ಅಮೆರಿಕದ ಕಪ್ಪು ಜನರಲ್ಲಿ ಕಸಿಯ ನಂತರ ಬಂದ ಚರ್ಮದ ಕ್ಯಾನ್ಸರ್‌ಗಳು ಹೆಚ್ಚಾಗಿ ಬಿಸಿಲು ಬೀಳದ ಜಾಗದಲ್ಲೇ ಸಿಕ್ಕವು, ಗುಪ್ತಾಂಗದಲ್ಲೂ. ಅಲ್ಲಿ ಎಚ್‌ಪಿವಿ ವೈರಸ್ಸಿನ ಪಾತ್ರವೂ ಇದೆ. ನಾಚಿಕೆಯಿಂದ ಯಾರಿಗೂ ತೋರಿಸದ ಜಾಗ ಅದು. ನಮ್ಮ ಮನೆಗಳಲ್ಲಿ ಅಪಾಯ ಇರೋದು ಆ ನಾಚಿಕೆಯಲ್ಲೇ.

ಇಷ್ಟೆಲ್ಲ ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ಕಿಡ್ನಿಯೇ ಹೋಗುತ್ತೆ. ಊರಲ್ಲಿ ಅಪ್ಪನೋ ಅತ್ತೆಯೋ ಕಸಿ ಮಾಡಿಸಿಕೊಂಡಿದ್ದರೆ, ಮುಂದಿನ ಫೋನಿನಲ್ಲಿ ಕ್ರಿಯೇಟಿನಿನ್ ಎಷ್ಟು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ವಾಸಿಯಾಗದ ಹುಣ್ಣು, ಬೆಳೆಯುತ್ತಿರುವ ಗಂಟು, ಹೊಸ ಮಚ್ಚೆ ಏನಾದರೂ ಇದೆಯಾ? ಗದ್ದೆಗೆ ಹೋಗುವಾಗ ತುಂಬು ತೋಳಿನ ಅಂಗಿ, ತಲೆಗೆ ಟೊಪ್ಪಿ ಇರಲಿ. ವರ್ಷಕ್ಕೊಮ್ಮೆ ಚರ್ಮದ ವೈದ್ಯರು ಮೈಯೆಲ್ಲ ನೋಡಲಿ. ಕಾವಲು ತಗ್ಗಿಸಿದ ಮನೆಯಲ್ಲಿ ಉಳಿದವರು ಎಚ್ಚರ ಇರಬೇಕು, ಅಷ್ಟೆ.