ಹಳೆಯ ಬಾಡಿಗೆ ಮನೆಗಳಲ್ಲಿ ಸೀಸದ ಬಣ್ಣ: ಮಾಲೀಕರ ಹೊಣೆ ಮತ್ತು ರಾಚೆಸ್ಟರ್ ನಗರದ ಕಾನೂನು

ಮನೆಗಳಿಗೆ ಸೀಸ ಬೆರೆಸಿದ ಬಣ್ಣ ಬಳಿಯುವುದನ್ನು ಅಮೆರಿಕ 1978ರಲ್ಲಿ ನಿಷೇಧಿಸಿತು. ನಿಷೇಧ ತಡೆದದ್ದು ಅಂಗಡಿಯಲ್ಲಿದ್ದ ಡಬ್ಬಿಯನ್ನು. ಅದಾಗಲೇ ಗೋಡೆಗೇರಿದ್ದ ಬಣ್ಣ ಹೊಸ ಪದರಗಳ ಅಡಿಯಲ್ಲಿ ಹಾಗೆಯೇ ಉಳಿಯಿತು. ಅಂಥ ಮನೆಯನ್ನು ಬಾಡಿಗೆಗೆ ಕೊಡುವವರ ಹೊಣೆಯೇನು ಎಂಬ ಪ್ರಶ್ನೆಗೆ ಅಲ್ಲಿನ ಒಕ್ಕೂಟ ಸರ್ಕಾರ ಕೊಟ್ಟ ಉತ್ತರ ಒಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರ ಕೊಟ್ಟ ಉತ್ತರ ಇನ್ನೊಂದು. ಎರಡನೆಯದೇ ಸರಿಯಾದ ಹಾದಿ ಎಂಬುದು ಈ ಲೇಖನದ ವಾದ.

ಅಪಾಯವೇನೂ ಹೊಸತಾಗಿ ಕಂಡದ್ದಲ್ಲ. ಬ್ರಿಸ್ಬೇನ್‌ನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮಕ್ಕಳಿಗೆ ಸೀಸದ ವಿಷವೇರಲು ಕಟಕಟೆಗಳ ಮತ್ತು ಕೋಣೆಯ ಗೋಡೆಗಳ ಬಣ್ಣವೇ ಕಾರಣವೆಂದು 1904ರಲ್ಲೇ ಬರೆದಿದ್ದರು. ಮಗು ಬಣ್ಣದ ಚಕ್ಕೆ ತಿನ್ನುತ್ತದೆ ಎಂಬ ಚಿತ್ರವೇ ಬಹುಕಾಲ ಜನರ ಮನಸ್ಸಿನಲ್ಲಿತ್ತು. ದೊಡ್ಡ ಶತ್ರು ಕಣ್ಣಿಗೆ ಕಾಣದ ಧೂಳು. ಮೇಲೆ ಕೆಳಗೆ ಜಾರುವ ಹಳೆಯ ಕಿಟಕಿಯನ್ನು ಪ್ರತಿ ಸಲ ತೆರೆದು ಮುಚ್ಚುವಾಗಲೂ ಚೌಕಟ್ಟಿನ ಬಣ್ಣ ಸವೆದು ನೆಲಕ್ಕೆ ಉದುರುತ್ತದೆ. ಅಂಬೆಗಾಲಿಡುವ ಮಗು ಅಂಗೈಗೆ ಅದನ್ನು ಮೆತ್ತಿಕೊಂಡು ಕೈ ಬಾಯಿಗಿಡುತ್ತದೆ. ರಾಚೆಸ್ಟರ್‌ನ 172 ಮಕ್ಕಳನ್ನು ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರ್‌ಗೆ 1ರಿಂದ 10 ಮೈಕ್ರೋಗ್ರಾಂಗೆ ಏರಿದಾಗ ಬುದ್ಧಿಮಟ್ಟ 7.4 ಅಂಕ ಕುಸಿಯುವುದನ್ನು ಕಂಡಿತು. ಆ ಕಾಲಕ್ಕೆ ಹತ್ತರೊಳಗಿನ ಪ್ರಮಾಣ ಆತಂಕದ ಮಟ್ಟವೆಂದೇ ಲೆಕ್ಕಕ್ಕಿರಲಿಲ್ಲ.

ಒಕ್ಕೂಟ ಸರ್ಕಾರದ 1992ರ ಕಾಯಿದೆಯ ಪ್ರಕಾರ, 1978ಕ್ಕೆ ಹಿಂದಿನ ಮನೆಯ ಮಾಲೀಕರು ಬಾಡಿಗೆ ಕರಾರಿಗೆ ಮೊದಲು ಸೀಸದ ಬಣ್ಣದ ಬಗ್ಗೆ ತಮಗೆ ತಿಳಿದಿದ್ದನ್ನು ಹೇಳಬೇಕು, ಪರೀಕ್ಷಾ ವರದಿಗಳಿದ್ದರೆ ಕೊಡಬೇಕು, ಸರ್ಕಾರದ ಕಿರುಹೊತ್ತಿಗೆಯೊಂದನ್ನು ಕೈಗಿಡಬೇಕು. ಪರೀಕ್ಷೆ ಮಾಡಿಸಲೇಬೇಕೆಂದು ಅದು ಎಲ್ಲೂ ಹೇಳುವುದಿಲ್ಲ. ನಮೂನೆಯಲ್ಲಿ ‘ನನಗೆ ತಿಳಿದಿಲ್ಲ’ ಎಂದು ಗುರುತು ಹಾಕಲು ಜಾಗವಿದೆ. ಪರೀಕ್ಷಿಸಿದವನು ಫಲಿತಾಂಶವನ್ನು ಮುಂದಿನ ಪ್ರತಿ ಬಾಡಿಗೆದಾರನಿಗೂ ತಿಳಿಸಬೇಕು, ಪರೀಕ್ಷಿಸದವನು ನಿಶ್ಚಿಂತ. ಅರಿಯದಿರುವುದೇ ಲಾಭವಾಗುವಂತೆ ಕಾನೂನೇ ಏರ್ಪಾಡು ಮಾಡಿಕೊಟ್ಟಂತಾಯಿತು. ಇನ್ನೂ ಒಂದು ತಾರತಮ್ಯವಿದೆ: ಮನೆ ಕೊಳ್ಳುವವರಿಗೆ ತಪಾಸಣೆಗೆಂದು ಹತ್ತು ದಿನಗಳ ಅವಕಾಶವುಂಟು, ಬಾಡಿಗೆಗೆ ಬರುವವರಿಗೆ ಅದೂ ಇಲ್ಲ.

ಮ್ಯಾಸಚೂಸೆಟ್ಸ್ ರಾಜ್ಯ 1971ರಲ್ಲೇ ಕಟ್ಟುನಿಟ್ಟಿನ ಕಾನೂನು ತಂದಿತ್ತು. ಆರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಸೀಸದ ಅಪಾಯವನ್ನು ನಿವಾರಿಸುವುದು ಮಾಲೀಕರ ಹೊಣೆ. ಆದರೆ ಹೊಣೆಯನ್ನು ಮಗುವಿಗೆ ಗಂಟುಹಾಕಿದರೆ, ಮಕ್ಕಳಿರುವವರಿಗೆ ಮನೆಯನ್ನೇ ಕೊಡದಿರುವ ಚಾಳಿಗೆ ದಾರಿಯಾಗುತ್ತದೆ. ಹಾಗೆ ನಿರಾಕರಿಸುವುದು ಅಲ್ಲಿ ಕಾನೂನುಬಾಹಿರ, ಆದರೂ ರುಜುವಾತುಪಡಿಸುವುದು ಕಷ್ಟ.

ರಾಚೆಸ್ಟರ್ 2005ರಲ್ಲಿ ಅಂಗೀಕರಿಸಿ 2006ರ ಜುಲೈಯಲ್ಲಿ ಜಾರಿಗೆ ತಂದ ನಿಯಮ ಈ ಎರಡು ತೊಡಕನ್ನೂ ದಾಟಿತು. ಬಾಡಿಗೆ ಮನೆಗೆ ಹೇಗೂ ಬೇಕಾದ ವಾಸಯೋಗ್ಯತಾ ಪ್ರಮಾಣಪತ್ರದ ತಪಾಸಣೆಗೇ ಸೀಸವನ್ನೂ ಸೇರಿಸಿತು. ಮನೆಯಲ್ಲಿ ಮಗು ಇರಲಿ, ಇಲ್ಲದಿರಲಿ, ತಪಾಸಣಾಧಿಕಾರಿ ಬಂದು ಬಣ್ಣ ಎದ್ದಿದೆಯೇ ಎಂದು ನೋಡುತ್ತಾರೆ. ಹೆಚ್ಚು ಅಪಾಯದ ಬಡಾವಣೆಗಳಲ್ಲಿ ಕಣ್ಣಳತೆಗೆ ಸರಿಯೆನಿಸಿದ ಮನೆಯ ನೆಲ, ಕಿಟಕಿಗಳ ಧೂಳನ್ನೂ ಒರೆಸಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಖರ್ಚು ತಾಳದೆ ಮಾಲೀಕರು ಮನೆಗಳನ್ನು ಬಿಟ್ಟುಹೋದಾರು ಎಂಬ ಭಯ ನಿಜವಾಗಲಿಲ್ಲ. ತಪಾಸಣೆಗೊಳಗಾದ ಬಹುಪಾಲು ಮನೆಗಳು ತೇರ್ಗಡೆಯಾದವು.

ಮಾಲೀಕರು ಮಾಡಬೇಕಾದ ಕೆಲಸವೂ ಎಲ್ಲ ಗೋಡೆಯನ್ನು ಕೆರೆದು ತೆಗೆಯುವಂಥದ್ದಲ್ಲ. ಕೆರೆಯುವ ಉತ್ಸಾಹವೇ ಎಷ್ಟೋ ಸಲ ಅನಾಹುತ. ಒಣಗೋಡೆಗೆ ಉಜ್ಜುಕಾಗದ ಹಾಕಿದರೆ ಇಡೀ ಮನೆ ವಿಷಧೂಳಿನಿಂದ ತುಂಬುತ್ತದೆ. ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆದರೆ ಹೊಗೆಯೇ ವಿಷ. ಜಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಬಣ್ಣವನ್ನು ನೀರಿನಿಂದ ತೋಯಿಸಿ ಕೆರೆದು, ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ವ್ಯಾಕ್ಯೂಮ್‌ನಿಂದ ಶುಚಿಗೊಳಿಸಬೇಕು. ಗಟ್ಟಿಯಾಗಿರುವ ಬಣ್ಣದ ಮೇಲೆ ಹೊದಿಕೆ ಬಳಿದರೆ ಸಾಕು. ಹಣವಿದ್ದರೆ ಮೊದಲು ಕಿಟಕಿ ಬದಲಿಸಬೇಕು. 2010ರಿಂದ, ಕೋಣೆಯೊಳಗೆ ಆರು ಚದರಡಿಗಿಂತ ಹೆಚ್ಚು ಬಣ್ಣ ಕದಲಿಸುವ ರಿಪೇರಿಗೆ ಪ್ರಮಾಣಪತ್ರ ಪಡೆದ ಕೆಲಸಗಾರರೇ ಬೇಕು.

ಭಾರತದಲ್ಲಿ 2016ರ ನಿಯಮ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿ 2017ರ ನವೆಂಬರ್‌ನಿಂದ ಜಾರಿಗೆ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತ ಬಂದವರು. ಸುಣ್ಣ ಬಳಿದ ಹಳೆಯ ಗೋಡೆಗಿಂತ ಎನಾಮಲ್ ಬಳಿದ ಬಾಗಿಲು, ಕಿಟಕಿ, ಗ್ರಿಲ್‌ಗಳ ಮೇಲೇ ನಮ್ಮಲ್ಲಿ ಹೆಚ್ಚು ಗಮನವಿರಬೇಕು. ಆದರೆ ನಮ್ಮ ನಿಯಮವೂ ಡಬ್ಬಿಯ ಬಣ್ಣಕ್ಕೆ ಮಾತ್ರ ಅನ್ವಯ; ಅದಕ್ಕೆ ಮೊದಲು ಬಳಿದ ಬಣ್ಣವಿರುವ ಬಾಡಿಗೆ ಮನೆಯ ಮಾಲೀಕರ ಮೇಲೆ ಅದು ಯಾವ ಕರ್ತವ್ಯವನ್ನೂ ಹೊರಿಸಿಲ್ಲ.